ಹಳೆಯ ಪುಸ್ತಕದ ಹಕ್ಕು ಮುಗಿದಿದೆಯಾ? ನಾನು ಲೆಕ್ಕ ಹಾಕುವ ಬಗೆ

ಹಳೆಯ ಕನ್ನಡ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಎಲ್ಲರಿಗೂ ಸಿಗುವ ಹಾಗೆ ಮಾಡುವುದು ನನಗೆ ತುಂಬಾ ಇಷ್ಟದ ಕೆಲಸ. ಶುರುವಿನಲ್ಲಿ ಹಾಳೆ ಹಳದಿಯಾಗಿದ್ದರೆ, ಬೆಲೆ ಆಣೆಗಳಲ್ಲಿ ಇದ್ದರೆ ಸಾಕು, ಕಾಪಿರೈಟ್ ಹಕ್ಕು ಮುಗಿದೇ ಇರುತ್ತದೆ ಅಂದುಕೊಂಡಿದ್ದೆ. ಅದು ತಪ್ಪು. ನಮ್ಮ ದೇಶದಲ್ಲಿ ಮೊದಲು ಹುಡುಕಬೇಕಾದದ್ದು ಬರೆದವರು ತೀರಿಕೊಂಡ ವರ್ಷವನ್ನು.

1957ರ ಕಾಪಿರೈಟ್ ಕಾಯ್ದೆ ಪ್ರಕಾರ, ಲೇಖಕರು ತೀರಿಕೊಂಡ ಮರುವರ್ಷದ ಜನವರಿ 1ರಿಂದ 60 ವರ್ಷ ಎಣಿಸಬೇಕು. ಮಾಸ್ತಿಯವರ ಮೊದಲ ಕಥಾಸಂಕಲನ ಬಂದಿದ್ದು 1920ರಲ್ಲಿ, ನೂರು ವರ್ಷ ದಾಟಿದೆ ಅಲ್ವಾ? ಆದರೆ ಅವರು ತೀರಿಕೊಂಡಿದ್ದು 1986ರಲ್ಲಿ. ಹಾಗಾಗಿ ಅದು ಮುಕ್ತವಾಗುವುದು, ಅಂದರೆ ಹಕ್ಕು ಮುಗಿದು ಎಲ್ಲರದ್ದಾಗುವುದು, 2047ರ ಜನವರಿ 1ಕ್ಕೆ. ತ್ರಿವೇಣಿಯವರು ಬರೆದಿದ್ದು ಅದಕ್ಕಿಂತ ಎಷ್ಟೋ ಈಚೆಗೆ, 1950ರ ದಶಕದಿಂದ. ಪಾಪ, 1963ರಲ್ಲೇ ಹೋಗಿಬಿಟ್ಟರು. ಅವರು ಬದುಕಿದ್ದಾಗ ಅಚ್ಚಾದ ಕಾದಂಬರಿಗಳು 2024ರ ಜನವರಿ 1ಕ್ಕೇ ಮುಕ್ತವಾದವು. ಲೇಖಕರು ತೀರಿಕೊಂಡ ಮೇಲೆ ಮೊದಲ ಸಲ ಪ್ರಕಟವಾದ ಪುಸ್ತಕಕ್ಕೆ ಮಾತ್ರ ಪ್ರಕಟವಾದ ವರ್ಷ ಹಿಡಿದು 60 ಎಣಿಸಬೇಕು. ಬರೆದವರು ಯಾರು ಅಂತಲೇ ಗೊತ್ತಿಲ್ಲದ ಪುಸ್ತಕಕ್ಕೂ ಇದೇ ಲೆಕ್ಕ.

ಈ 60 ಮೊದಲು 50 ಇತ್ತು. 1941ರಲ್ಲಿ ತೀರಿಕೊಂಡ ರವೀಂದ್ರನಾಥ ಟಾಗೋರರ ಕೃತಿಗಳ ಹಕ್ಕು 1991ರ ಕೊನೆಗೆ ಮುಗಿಯುವುದರಲ್ಲಿತ್ತು. ಆಗ ಅವಧಿಯನ್ನು ಹತ್ತು ವರ್ಷ ಹೆಚ್ಚಿಸಿದರು.

ನನ್ನನ್ನು ಜಾಸ್ತಿ ಓಡಾಡಿಸಿದ್ದು ಒಂದು ಪುಟ್ಟ ಕಥಾಸಂಕಲನ. ಲೇಖಕರ ಹೆಸರು ಯಾವ ಕೋಶದಲ್ಲೂ ಇಲ್ಲ. ಎರಡನೇ ಮುದ್ರಣದಲ್ಲಿ ಹೆಸರಿನ ಹಿಂದೆ ಬರೀ 'ಶ್ರೀ' ಇದೆ, ಮೂರನೇ ಮುದ್ರಣದಲ್ಲಿ 'ದಿ|| ಶ್ರೀ' ಅಂತಾಗಿದೆ. ಎರಡರ ಮಧ್ಯೆ ಹನ್ನೊಂದು ವರ್ಷ. ಆ ಹನ್ನೊಂದರಲ್ಲಿ ಯಾವುದು? ಪ್ರಕಾಶಕರ ಅಂಗಡಿ ಮುಚ್ಚಿ ಎಷ್ಟೋ ಕಾಲವಾಗಿತ್ತು. ಕೊನೆಗೆ ಅರ್ಪಣೆಯ ಪುಟದಲ್ಲಿದ್ದ ಊರಿನ ಹೆಸರು ಹಿಡಿದು ವಿಚಾರಿಸುತ್ತಾ ಹೋದಾಗ ಅವರ ಮೊಮ್ಮಗ ಫೋನಿನಲ್ಲಿ ಸಿಕ್ಕರು.

"ತಾತ ಹೋಗಿದ್ದು ಶಾರ್ವರಿ ಸಂವತ್ಸರದಲ್ಲಿ ಸಾರ್. ಅಂದ್ರೆ ಅರವತ್ತನೇ ಇಸವಿ" ಅಂದರು.

ಸುಮ್ನೆ 1960 ಅಂತ ಬರೆದುಕೊಂಡು ಫೋನ್ ಇಡುವವನಿದ್ದೆ. ಆದರೂ ಒಂದು ಮಾತು ಕೇಳಿದೆ, "ತಿಥಿ ಯಾವಾಗ ಮಾಡ್ತೀರಿ ಸಾರ್?" "ಪುಷ್ಯ ಬಹುಳ ಪಂಚಮಿ" ಅಂದರು. ಶಾರ್ವರಿ ಶುರುವಾಗಿದ್ದು 1960ರ ಯುಗಾದಿಗೆ, ನಿಜ. ಆದರೆ ಆ ಸಲ ಪುಷ್ಯ ಮಾಸ ಡಿಸೆಂಬರಿನಲ್ಲಿ ಹುಟ್ಟಿ ಜನವರಿಗೆ ದಾಟಿತ್ತು. ಹಳೆಯ ಪಂಚಾಂಗ ತೆಗೆದು ನೋಡಿದರೆ ಬಹುಳ ಪಂಚಮಿ ಬಿದ್ದಿದ್ದು 1961ರ ಜನವರಿ ಮೊದಲ ವಾರದಲ್ಲಿ. ಕೆಲವೇ ದಿನಗಳ ವ್ಯತ್ಯಾಸ, ಆದರೆ ಲೆಕ್ಕದಲ್ಲಿ ಪೂರ್ತಿ ಒಂದು ವರ್ಷ ಮುಂದೆ ಹೋಯಿತು. 2021ರ ಬದಲು 2022. ಅವತ್ತಿನಿಂದ ಮನೆಯವರು ಇಸವಿ ಹೇಳಿದರೂ ಮಾಸ, ಪಕ್ಷ, ತಿಥಿ ಮೂರನ್ನೂ ಕೇಳಿ ಬರೆದುಕೊಳ್ಳುತ್ತೇನೆ. ಮನೆಯವರು ಇಸವಿ ಮರೆಯಬಹುದು, ತಿಥಿ ಮರೆಯುವುದಿಲ್ಲ.

ಇಷ್ಟಕ್ಕೇ ಮುಗಿಯಲಿಲ್ಲ. ಒಂದು ಪುಸ್ತಕದಲ್ಲಿ ಎಷ್ಟು ಜನರ ಕೈ ಇದೆ ಅಂತ ನೋಡಬೇಕು. ಅನುವಾದವಾದರೆ ಅನುವಾದಕರ ಹಕ್ಕು ಬೇರೆ. ಟಾಗೋರರ ಕೃತಿಗಳು 2002ರಲ್ಲಿ ಮುಕ್ತವಾದವು ಅಂದ ಮಾತ್ರಕ್ಕೆ ಅವುಗಳ ಕನ್ನಡ ಅನುವಾದ ಮುಕ್ತವಾಗುವುದಿಲ್ಲ. ಇಬ್ಬರು ಸೇರಿ ಬರೆದಿದ್ದರೆ ಕೊನೆಗೆ ತೀರಿಕೊಂಡವರ ವರ್ಷ ಹಿಡಿಯಬೇಕು. ಒಳಗಿನ ಚಿತ್ರಗಳಿಗೆ ಚಿತ್ರಕಾರರ ಲೆಕ್ಕ. ಹಾಗೆಯೇ, ಮೊನ್ನೆ ಮೊನ್ನೆ ಮರುಮುದ್ರಣವಾದ ಪ್ರತಿಯಲ್ಲಿ 'ಎಲ್ಲ ಹಕ್ಕುಗಳನ್ನು ಕಾದಿರಿಸಿದೆ' ಅಂತ ಇದ್ದರೆ ಹೆದರಬೇಡಿ. ಮರುಮುದ್ರಣದಿಂದ ಹಳೆಯ ಬರಹಕ್ಕೆ ಹೊಸ ಹಕ್ಕು ಹುಟ್ಟುವುದಿಲ್ಲ. ಹೊಸದಾಗಿ ಸೇರಿಸಿದ ಮುನ್ನುಡಿ, ಟಿಪ್ಪಣಿಗಳಿಗೆ ಮಾತ್ರ ಅದು ಅನ್ವಯ.

ಇನ್ನೊಂದು ವಿಷಯ, ಈ ಲೆಕ್ಕ ಭಾರತದ್ದು. ಅಮೆರಿಕದಲ್ಲಿ ಹಳೆಯ ಪುಸ್ತಕಗಳಿಗೆ ಪ್ರಕಟವಾದ ವರ್ಷದಿಂದ 95 ವರ್ಷ. 1930ರಲ್ಲಿ ಬಂದ ಪುಸ್ತಕಗಳು ಅಲ್ಲಿ ಮುಕ್ತವಾಗುವುದು 2026ರ ಜನವರಿ 1ಕ್ಕೆ. ಹಾಗಾಗಿ ಮಾಸ್ತಿಯವರ 1920ರ ಆ ಪುಸ್ತಕ ಅಲ್ಲಿ ಮುಕ್ತ, ಇಲ್ಲಿ ಅಲ್ಲ. ತ್ರಿವೇಣಿಯವರ ಕಾದಂಬರಿಗಳದ್ದು ಪೂರ್ತಿ ಉಲ್ಟಾ. ಫೈಲ್ ಯಾವ ದೇಶದ ಸರ್ವರಿನಲ್ಲಿ ಕೂರುತ್ತದೆ ಅಂತ ಅಪ್‌ಲೋಡ್ ಮಾಡುವ ಮೊದಲೇ ನೋಡಿಕೊಳ್ಳುತ್ತೇನೆ.

ಆ ಕಥಾಸಂಕಲನದಲ್ಲಿ ನಾಲ್ಕು ಪುಟದ ಮುನ್ನುಡಿಯೂ ಇತ್ತು. ಬರೆದವರು ತೀರಿಕೊಂಡಿದ್ದು 1983ರಲ್ಲಿ. ಕಥೆಗಳನ್ನೆಲ್ಲ ಹಾಕಿದೆ, ಮುನ್ನುಡಿಯ ನಾಲ್ಕು ಪುಟ ಮಾತ್ರ ಬೇರೆ ಫೋಲ್ಡರಿನಲ್ಲಿ ಇಟ್ಟೆ. ಫೋಲ್ಡರಿನ ಹೆಸರು '2044 ಜನವರಿ 1'.