ಯುವನಿಧಿ ದುಡ್ಡು ಬರ್ತಿಲ್ವಾ? ಮೊದಲು ಇಷ್ಟು ನೋಡಿ

ಯುವನಿಧಿ ಅಂದ್ರೆ ಓದು ಮುಗಿಸಿ ಕೆಲಸ ಸಿಗದೇ ಇರೋರಿಗೆ ರಾಜ್ಯ ಸರ್ಕಾರ ಕೊಡೋ ಭತ್ಯೆ. ಡಿಗ್ರಿಯವ್ರಿಗೆ ತಿಂಗಳಿಗೆ 3000 ರೂಪಾಯಿ, ಡಿಪ್ಲೊಮಾದವ್ರಿಗೆ 1500, ಕೆಲಸ ಸಿಗೋವರೆಗೆ ಇಲ್ಲಾಂದ್ರೆ ಗರಿಷ್ಠ 2 ವರ್ಷ. ಪಾಸಾಗಿ 180 ದಿನ ಆಗಿರ್ಬೇಕು, ಅದಕ್ಕೂ ಮೊದಲು ಬರಲ್ಲ.

ಅರ್ಜಿ ಓಕೆ ಆಗಿದೆ ಆದ್ರೆ ದುಡ್ಡು ಬಂದಿಲ್ಲ ಅಂದ್ರೆ ಫಸ್ಟ್ ಬ್ಯಾಂಕ್ ಕಡೆ ನೋಡಿ. ಅಕೌಂಟಿಗೆ ಆಧಾರ್ ಕೊಟ್ಟಿದೀನಲ್ಲ ಅಂತ ತುಂಬಾ ಜನ ಅಂದ್ಕೊಂಡಿರ್ತಾರೆ, ಅದು ಬರೀ ಕೆವೈಸಿ (ಗುರುತಿನ ದಾಖಲೆ) ಆಗಿರಬಹುದು, ದುಡ್ಡು ಬರೋಕೆ ಎನ್‌ಪಿಸಿಐ ಮ್ಯಾಪಿಂಗ್ (ಆಧಾರ್ ಮೇಲೆ ಬರೋ ಸರ್ಕಾರಿ ದುಡ್ಡು ಯಾವ ಅಕೌಂಟಿಗೆ ಹೋಗ್ಬೇಕು ಅಂತ ಜೋಡಿಸೋದು) ಆಗಿರ್ಬೇಕು, ಎರಡು ಮೂರು ಅಕೌಂಟ್ ಇದ್ರೆ ಕೊನೆಗೆ ಯಾವುದಕ್ಕೆ ಮ್ಯಾಪ್ ಆಗಿದೆಯೋ ಅದಕ್ಕೇ ಹೋಗುತ್ತೆ, ಹಳೇ ಪಾಸ್‌ಬುಕ್ಕನ್ನೂ ಒಮ್ಮೆ ಎಂಟ್ರಿ ಮಾಡಿಸಿ ನೋಡಿ. ಬ್ಯಾಂಕಲ್ಲಿ "ಡಿಬಿಟಿಗೆ ಆಧಾರ್ ಸೀಡಿಂಗ್ ಮಾಡ್ಕೊಡಿ" ಅಂತ ಬಿಡಿಸಿ ಹೇಳಿ (ಡಿಬಿಟಿ ಅಂದ್ರೆ ಸರ್ಕಾರದ ದುಡ್ಡು ನೇರ ಅಕೌಂಟಿಗೆ ಬರೋದು, ಸೀಡಿಂಗ್ ಅಂದ್ರೆ ಮೇಲೆ ಹೇಳಿದ ಜೋಡಣೆನೇ), ಫಾರಂ ಕೊಟ್ಮೇಲೆ ಸ್ವೀಕೃತಿ ಇಸ್ಕೊಳ್ಳಿ. ಡಿಬಿಟಿ ಕರ್ನಾಟಕ ಆ್ಯಪಲ್ಲಿ ಯಾವ ಬ್ಯಾಂಕಿಗೆ ಸೀಡ್ ಆಗಿದೆ, ಯಾವ ತಿಂಗಳ ದುಡ್ಡು ಬಿದ್ದಿದೆ ಎಲ್ಲಾ ಕಾಣುತ್ತೆ.

ಆಮೇಲೆ ಸ್ವಯಂ ಘೋಷಣೆ. ಇನ್ನೂ ಕೆಲಸ ಸಿಕ್ಕಿಲ್ಲ, ಮುಂದೆ ಓದ್ತಿಲ್ಲ ಅಂತ ಸೇವಾ ಸಿಂಧು ಪೋರ್ಟಲಲ್ಲಿ ಆಗಾಗ ಹಾಕ್ತಾ ಇರ್ಬೇಕು, ಒಂದ್ಸಲ ಹಾಕಿ ಸುಮ್ನಾದ್ರೆ ದುಡ್ಡು ನಿಂತೋಗುತ್ತೆ. ನಂಗನ್ಸೋ ಹಾಗೆ ಇಲ್ಲೇ ಜಾಸ್ತಿ ಜನ ಕಳ್ಕೊಳ್ಳೋದು, ಪಾಪ, ಯಾರೂ ನೆನಪಿಸಲ್ಲ, ಹಾಗಾಗಿ ಮೊಬೈಲಲ್ಲಿ ರಿಮೈಂಡರ್ ಇಟ್ಕೊಳ್ಳಿ.

ಅರ್ಜಿನೇ ಮುಂದೆ ಹೋಗ್ತಿಲ್ಲ ಅಂದ್ರೆ ನಿಮ್ಮ ಸರ್ಟಿಫಿಕೇಟ್ ಎನ್‌ಎಡಿಗೆ (ಸರ್ಟಿಫಿಕೇಟ್ ಆನ್ಲೈನಲ್ಲಿ ಇಡೋ ರಾಷ್ಟ್ರೀಯ ಭಂಡಾರ) ಅಪ್ಲೋಡ್ ಆಗಿದ್ಯಾ ಅಂತ ಡಿಜಿಲಾಕರಲ್ಲಿ ಚೆಕ್ ಮಾಡಿ. ಇಲ್ಲಾಂದ್ರೆ ಯೂನಿವರ್ಸಿಟಿ ಪರೀಕ್ಷಾ ವಿಭಾಗಕ್ಕೆ ರಿಜಿಸ್ಟರ್ ನಂಬರ್ ಹಾಕಿ ಲಿಖಿತವಾಗಿ ಕೊಡಿ, ಬಾಯ್ಮಾತಲ್ಲಿ ಹೇಳಿ ಬರಬೇಡಿ. ದಾಖಲೆ ಪರಿಶೀಲನೆ ಬಾಕಿ ಇದ್ರೆ ಒರಿಜಿನಲ್ ಮಾರ್ಕ್ಸ್‌ಕಾರ್ಡ್ ತಗೊಂಡು ಜಿಲ್ಲಾ ಉದ್ಯೋಗ ವಿನಿಮಯ ಕಚೇರಿಗೆ ಹೋಗಿ.