ವೀಸಾ ಶುಲ್ಕವನ್ನು ನಿಮ್ಮ ಕಾರ್ಡಿನಿಂದಲೇ ಕಟ್ಟಿ

ಮಂಡ್ಯದ ಬಂಧುಗಳೇ, ಮಕ್ಕಳ ವಿದೇಶ ಓದಿಗೆಂದು ಕಬ್ಬಿನ ಗದ್ದೆ ಅಡವಿಡುವ ಮುನ್ನ ವೀಸಾ ಖರ್ಚನ್ನು ಕಾಲೇಜು ಶುಲ್ಕದಿಂದ ಬೇರೆಯಾಗಿ ಬರೆದುಕೊಳ್ಳಿ. ಆಸ್ಟ್ರೇಲಿಯಾದ ವಿದ್ಯಾರ್ಥಿ ವೀಸಾಕ್ಕೆ 2024ರ ಜುಲೈಗೆ ಮೊದಲು ಅಲ್ಲಿನ 710 ಡಾಲರ್ ಇತ್ತು; 2025ರ ಜುಲೈನಲ್ಲಿ 2,000 ಆಯಿತು. ವೀಸಾ ತಿರಸ್ಕೃತವಾದರೆ ಆ ಹಣ ಹೋದಂತೆಯೇ.

ಬ್ರಿಟನ್ನಿಗೆ ಹೊರಟವರು ವೀಸಾ ಶುಲ್ಕದ ಜೊತೆ ಆರೋಗ್ಯ ಶುಲ್ಕವನ್ನೂ ಕಟ್ಟಬೇಕು. ವಿದ್ಯಾರ್ಥಿಗೆ ವರ್ಷಕ್ಕೆ 776 ಪೌಂಡ್, ಅದೂ ಇಡೀ ಅವಧಿಯದ್ದು ಒಟ್ಟಿಗೆ, ಮುಂಗಡವಾಗಿ. ವೀಸಾ ಸಿಗದಿದ್ದರೆ ಇದು ಮರಳುತ್ತದೆ, ಆದರೆ ಕಟ್ಟಿದ ಕಾರ್ಡಿಗೇ ಮರಳುತ್ತದೆ. ನನ್ನ ತಂಗಿಯ ಮಗನ ಹಣ ಏಜೆಂಟರ ಕಾರ್ಡಿಗೆ ಹೋಯಿತು. ಎರಡು ತಿಂಗಳು ಮೈಸೂರಿಗೆ ಅಲೆದೆವು, ತಂಗಿ ಕಣ್ಣೀರಿಟ್ಟಳು. ಮೊತ್ತವನ್ನು ಆಯಾ ದೇಶದ ಸರ್ಕಾರಿ ಜಾಲತಾಣದಲ್ಲೇ ನೋಡಿ, ಮನೆಯವರ ಕಾರ್ಡಿನಿಂದಲೇ ಕಟ್ಟಿ, ರಸೀದಿ ಇಟ್ಟುಕೊಳ್ಳಿ.