577201ನ್ನು ಪೆನ್ಸಿಲ್ಲಿನಲ್ಲೇ ಒಡೆಯುವ ಬಗೆ

ಅಂಚೆ ವಿಂಗಡಿಸುತ್ತ ಇಪ್ಪತ್ತೆಂಟು ವರ್ಷ ಕಳೆದವನು ನಾನು. ಶಿವಮೊಗ್ಗದ ಪಿನ್ ಕೋಡ್ 577201 ನನ್ನ ಕಣ್ಣಿಗೆ ಬಿದ್ದ ಸಲ ಎಷ್ಟೋ. 1972ರ ಆಗಸ್ಟ್ 15ರಿಂದ ಪಿನ್ ಕೋಡ್ ಬಂತು. ಮೊದಲ ಮೂರು ಅಂಕೆ ನೋಡಿದರೆ ಯಾವ ಚೀಲಕ್ಕೆ ಅಂತ ಕೈಗೇ ಗೊತ್ತಾಗುತ್ತಿತ್ತು. ಆದರೆ ಅದನ್ನು ಸಂಖ್ಯೆಯಾಗಿ ನೋಡಿದ್ದು ಹೋದ ಆಷಾಢದಲ್ಲಿ, ತೀರ್ಥಹಳ್ಳಿಯ ಮನೆಯಲ್ಲಿ ಮೂರು ದಿನ ಕರೆಂಟಿಲ್ಲದಾಗ. ಎಂಟನೇ ಕ್ಲಾಸಿನ ಮೊಮ್ಮಗಳು ಜಗುಲಿಯಲ್ಲಿ ಕೂತು, "ಅಜ್ಜ, ಇದು ಅವಿಭಾಜ್ಯ ಸಂಖ್ಯೆಯಾ?" ಅಂದಳು. ಕೊನೆಗೆ 1 ಇದೆ, ಇರಬಹುದು ಅಂದೆ. ಹಾಗೆ ಹೇಳಬಾರದಿತ್ತು. ಒಡೆದೇ ನೋಡಬೇಕು.

ಮೊದಲು ಎಲ್ಲಿಯವರೆಗೆ ಹೋಗಬೇಕು ಅಂತ ಗೆರೆ ಹಾಕಿಕೊಳ್ಳಿ. 760ನ್ನು 760ರಿಂದ ಗುಣಿಸಿದರೆ 577600, ನಮ್ಮ ಸಂಖ್ಯೆಗಿಂತ ದೊಡ್ಡದು. ಎರಡು ಭಾಗವಾಗಿ ಒಡೆದರೆ ಒಂದಾದರೂ 760ಕ್ಕಿಂತ ಚಿಕ್ಕದಿರಲೇಬೇಕು, ಹಾಗಾಗಿ 760ರ ಒಳಗಿನ ಅವಿಭಾಜ್ಯಗಳು ಸಾಕು.

ಭಾಗಾಕಾರಕ್ಕೆ ಕೈಹಾಕುವ ಮುಂಚೆ ಪಕ್ಕದ ಮನೆ ನೋಡಿ. 577200 ಅಂದರೆ 1200 × 481, ಆ 481 ಅಂದರೆ 13 × 37. ಅಂದಮೇಲೆ 2, 3, 5, 13, 37 ಎಲ್ಲವೂ 577200ಕ್ಕೆ ಸರಿಯಾಗಿ ಹೋಗುತ್ತವೆ, 577201ಕ್ಕೆ 1 ಶೇಷ ಉಳಿಸುತ್ತವೆ. ಒಂದೂ ಭಾಗಾಕಾರ ಮಾಡದೆ ಐದು ಹೊಡೆದುಹಾಕಿದೆವು. ಈ ಉಪಾಯ ನನಗೆ ಬಹಳ ಇಷ್ಟ. 7ಕ್ಕೆ ಶೇಷ 2. 11ಕ್ಕೆ ಒಂದು ಬಿಟ್ಟು ಒಂದು ಅಂಕೆ ಕೂಡಿಸಿ: 1+2+7 ಹತ್ತು, 0+7+5 ಹನ್ನೆರಡು, ವ್ಯತ್ಯಾಸ 2, ಹೋಗುವುದಿಲ್ಲ.

ಈಗ 17. ಉದ್ದ ಭಾಗಾಕಾರ ಬೇಡ, ಮಗ್ಗಿ ನೆನಪಿದ್ದರೆ ಸಾಕು. 17 × 34 ಅಂದರೆ 578. ಹಾಗಾದರೆ 578000ದಿಂದ ನಾವು 799 ಹಿಂದಿದ್ದೇವೆ. 799 ಅಂದರೆ 17 × 47! ಹುಡುಗಿ ಕೂಗಿದ್ದು ಅಡುಗೆಮನೆಗೆ ಕೇಳಿಸಿತು. 34000ದಲ್ಲಿ 47 ಕಳೆದರೆ 33953.

ಗೆರೆ ಈಗ 185ಕ್ಕೆ ಇಳಿಯಿತು. 17ನ್ನೇ ಇನ್ನೊಮ್ಮೆ ಹಾಕಿ ನೋಡುವುದನ್ನು ಮರೆಯಬೇಡಿ. ಇಲ್ಲಿ ಶೇಷ 4. 19ಕ್ಕೂ ಅದೇ ಉಪಾಯ: 19 × 1800 ಅಂದರೆ 34200, ಕೊರತೆ 247, ಅದು 19 × 13. ಉಳಿದದ್ದು 1787.

ಇದಕ್ಕೆ 41ರವರೆಗೆ ನೋಡಿದರೆ ಸಾಕು, ಯಾಕೆಂದರೆ 43ರ ವರ್ಗ 1849. ಮೊದಲೇ ಹೊಡೆದುಹಾಕಿದವನ್ನು ಮತ್ತೆ ಮುಟ್ಟಬೇಡಿ. 19, 23, 29, 31, 41 ಮಾತ್ರ ಬಾಕಿ. ಶೇಷಗಳು ಕ್ರಮವಾಗಿ 1, 16, 18, 20, 24. ಅಲ್ಲಿಗೆ 1787 ಅವಿಭಾಜ್ಯ, 577201 = 17 × 19 × 1787.

ಒಡೆದಾದ ಮೇಲೆ ಉಳಿದ ಗುಣಗಳು ತಾವಾಗಿ ಬರುತ್ತವೆ. ಭಾಜಕಗಳು ಎಂಟು. ಅವುಗಳ ಮೊತ್ತ ಬೇಕಾದರೆ ಆ ಮೂರು ಅವಿಭಾಜ್ಯಗಳಲ್ಲಿ ಒಂದೊಂದಕ್ಕೂ 1 ಸೇರಿಸಿ ಗುಣಿಸಿ: 18 × 20 × 1788, ಅಂದರೆ 643680. ಅದರಲ್ಲಿ ಸಂಖ್ಯೆಯನ್ನೇ ಕಳೆದರೆ ಬರೀ 66479. ಇನ್ನೊಂದು ನೋಡಿ: ನಾಲ್ಕರಿಂದ ಭಾಗಿಸಿದರೆ ಶೇಷ 1, ಎರಡು ವರ್ಗಗಳ ಮೊತ್ತವಾಗಿ ಬರೆಯಬಹುದೇನೋ ಅನಿಸುತ್ತದೆ. ಆಗುವುದಿಲ್ಲ. 19, 1787 ಎರಡೂ ನಾಲ್ಕಕ್ಕೆ 3 ಶೇಷ ಕೊಡುತ್ತವೆ, ಒಂದೊಂದೇ ಸಲ ಬಂದಿವೆ. ಅಂಥದ್ದು ಒಂದಿದ್ದರೂ ದಾರಿ ಮುಚ್ಚಿತು.

ಸಾಗರದ 577401 ನಿಮಗೆ ಬಿಟ್ಟಿದ್ದೇನೆ. 3, 11 ಬೇಗ ಸಿಗುತ್ತವೆ. ಆಮೇಲೆ ಉಳಿಯುವ 17497ಕ್ಕೆ 131ರವರೆಗೆ ಹೋಗಬೇಕು.